ಸಣ್ಣ ವೆಂಡರ್‌ನ ದುಡ್ಡು, ದೊಡ್ಡ ಕಂಪನಿಯ ಕ್ಯಾಶ್ ಫ್ಲೋ

ಮಾಲು ಪೂರೈಸುವ ಸಣ್ಣ ವೆಂಡರ್‌ಗೆ ದೊಡ್ಡ ಕಂಪನಿ ಕೊಡುವ ಪರ್ಚೇಸ್ ಆರ್ಡರ್ ಮೇಲೆ ‘ಪೇಮೆಂಟ್: 30 ದಿನ’ ಅಂತ ಅಚ್ಚಾಗಿರುತ್ತದೆ. ದುಡ್ಡು ಬರುವುದು ಮಾತ್ರ ತೊಂಬತ್ತು ದಿನಕ್ಕೋ, ನೂರಿಪ್ಪತ್ತಕ್ಕೋ. ಬೆಂಗಳೂರಿನ ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿಗಳಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ ಈ ಮಾತು ಎತ್ತಿದರೆ ಜನ ನಕ್ಕು ಸುಮ್ಮನಾಗುತ್ತಾರೆ. ‘ಮಾರ್ಕೆಟ್ಟೇ ಹಂಗಿದೆ ಸಾರ್.’

ನಾನು ಸಿಎ. ಕೊಡಬೇಕಾದವರ ಲೆಕ್ಕವನ್ನೂ ನೋಡುತ್ತೇನೆ, ಬರಬೇಕಾದವರ ಲೆಕ್ಕವನ್ನೂ ನೋಡುತ್ತೇನೆ. ವ್ಯಾಪಾರದಲ್ಲಿ ನೀತಿ ಅಂದರೆ ಎಲ್ಲರಿಗೂ ನೆನಪಾಗುವುದು 2009ರ ಸತ್ಯಂ ಥರದ ಹಗರಣ. ಅದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಹೆಚ್ಚೇನಿಲ್ಲ. ಲೆಕ್ಕ ತಿದ್ದಿದ್ದು ತಪ್ಪು, ಮುಗಿಯಿತು. ಬಿಲ್ಲಿನ ದುಡ್ಡು ತಡ ಮಾಡುವುದು ಅಷ್ಟು ಸಲೀಸಾಗಿ ಬಗೆಹರಿಯುವುದಿಲ್ಲ. ಮಾಡುವವರು ಬಹುಪಾಲು ಮರ್ಯಾದಸ್ಥರೇ. ಬ್ಯಾಂಕಿನ ಕಂತು ಒಂದು ದಿನ ತಪ್ಪಿದರೂ ನಿದ್ದೆ ಬರದವರು. ವೆಂಡರ್‌ಗೆ ಕೊಡಬೇಕಾದ್ದು ಮೂರು ತಿಂಗಳು ನಿಂತರೆ ಮಾತ್ರ ಅವರಿಗೆ ಏನೂ ಅನ್ನಿಸುವುದಿಲ್ಲ. ನೀತಿಶಾಸ್ತ್ರದವರ ಹಳೆಯ ವಾದಗಳು ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಕಡೆ.

ಮೊದಲು ದುಡ್ಡಿನ ದಾರಿ ನೋಡೋಣ. ಎರಡು ಸಿಎನ್‌ಸಿ ಮೆಷಿನ್ ಇಟ್ಟುಕೊಂಡ ಒಬ್ಬರು ಜೂನ್‌ನಲ್ಲಿ 5 ಲಕ್ಷ ರೂಪಾಯಿಯ ಮಾಲು ಕಳಿಸಿ ಬಿಲ್ ಮಾಡುತ್ತಾರೆ ಅಂದುಕೊಳ್ಳಿ. 18% ಜಿಎಸ್‌ಟಿ ಸೇರಿ 5,90,000. ತಿಂಗಳ ರಿಟರ್ನ್ ಹಾಕುವವರಾದರೆ ಜುಲೈ 20ರೊಳಗೆ ಆ 90,000ದ ತೆರಿಗೆಗೆ ದಾರಿ ಮಾಡಬೇಕು. ತಮ್ಮ ಇನ್‌ಪುಟ್ ಕ್ರೆಡಿಟ್ (ತಾವು ಕೊಂಡ ಮಾಲಿನ ಮೇಲೆ ತೆತ್ತ ತೆರಿಗೆ) ಕಳೆದು ಉಳಿದದ್ದನ್ನು ಕೈಯಿಂದ ಕಟ್ಟುತ್ತಾರೆ. ಬಿಲ್ಲಿನ ಒಂದು ರೂಪಾಯಿಯೂ ಇನ್ನೂ ಬಂದಿಲ್ಲ ಅನ್ನುವುದನ್ನು ಪೋರ್ಟಲ್ ಕೇಳುವುದಿಲ್ಲ. ಅದೇ ಹೊತ್ತಿಗೆ ಮಾಲು ಕೊಂಡ ಕಂಪನಿ ಈ 90,000ವನ್ನು ಕ್ರೆಡಿಟ್ ಅಂತ ತೋರಿಸಿ ತನ್ನ ತೆರಿಗೆ ಅಷ್ಟು ಕಮ್ಮಿ ಕಟ್ಟುತ್ತದೆ. ಬಿಲ್ ಪಾವತಿಯಾಗದೆ 180 ದಿನ ಕಳೆದರೆ ಮಾತ್ರ ಆ ಕ್ರೆಡಿಟ್ ವಾಪಸ್ ಮಾಡಬೇಕು. ಅಂದರೆ ಮಾಲೂ ಸಿಕ್ಕಿತು, ವೆಂಡರ್ ಕೈಯಿಂದ ಕಟ್ಟಿದ ತೆರಿಗೆಯ ಲಾಭವೂ ಸಿಕ್ಕಿತು, ದುಡ್ಡು ಮಾತ್ರ ಕೊಟ್ಟಿಲ್ಲ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಎಷ್ಟೋ ಫೈನಾನ್ಸ್ ಮ್ಯಾನೇಜರ್‌ಗಳೇ ಒಂದು ಕ್ಷಣ ತಡೆಯುತ್ತಾರೆ.

ಆಮೇಲೆ ವಾದ ಶುರುವಾಗುತ್ತದೆ. ಮೊದಲನೆಯದು ‘ಇದು ಆಟ’ ಅನ್ನುವ ವಾದ. 1968ರಲ್ಲಿ ಆಲ್ಬರ್ಟ್ ಕಾರ್ ಎಂಬಾತ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದ. ವ್ಯಾಪಾರ ಪೋಕರ್ ಇದ್ದ ಹಾಗೆ, ಅಲ್ಲಿ ಬ್ಲಫ್ ಮಾಡುವುದು ಎಲ್ಲರಿಗೂ ಗೊತ್ತಿರುವ ನಿಯಮ, ಮನೆಯ ನೀತಿಯನ್ನು ಆ ಮೇಜಿಗೆ ತರಬೇಡಿ ಅಂತ. ಕಾರ್ ಹೆಸರು ಕೇಳದವರೂ ಪೀಣ್ಯದಲ್ಲಿ ಇದೇ ವಾದ ಮಾಡುತ್ತಾರೆ: ‘30 ಅಂದ್ರೆ 90 ಅಂತ ಅವ್ರಿಗೂ ಗೊತ್ತು ಸಾರ್, ಅದನ್ನು ಲೆಕ್ಕ ಹಾಕ್ಕೊಂಡೇ ರೇಟ್ ಕೊಟ್ಟಿರ್ತಾರೆ.’

ವಾದದಲ್ಲಿ ಸ್ವಲ್ಪ ಸತ್ಯ ಇದೆ. ದರ ಚೌಕಾಸಿ ಮಾಡುವಾಗ ಇಬ್ಬರೂ ಪೂರ್ತಿ ಬಾಯಿ ಬಿಡುವುದಿಲ್ಲ, ಅದು ಸರಿ. ಆದರೆ ಪೋಕರ್ ಆಡುವವನು ಬೇಡ ಅನ್ನಿಸಿದರೆ ಎದ್ದು ಹೋಗಬಹುದು. ಒಂದೇ ಗಿರಾಕಿಗಾಗಿ ಡೈ, ಫಿಕ್ಸ್ಚರ್‌ನಂಥ ಸಲಕರಣೆ ಮಾಡಿಸಿ, ವಹಿವಾಟಿನ ಮುಕ್ಕಾಲು ಪಾಲನ್ನು ಅವರಿಗೇ ಕಟ್ಟಿಹಾಕಿಕೊಂಡ ವೆಂಡರ್ ಎಲ್ಲಿಗೆ ಎದ್ದು ಹೋಗಬೇಕು? ಹಾಗೆ ಕಟ್ಟಿಹಾಕಿಕೊಳ್ಳಲು ಹೇಳಿದ್ದೂ ಬಹಳ ಸಲ ಆ ಗಿರಾಕಿಯೇ.

ಎರಡನೆಯದು ಮಾತಿನ ಪ್ರಶ್ನೆ. ಜರ್ಮನ್ ತತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್ 1785ರಲ್ಲಿ ಒಂದು ಉದಾಹರಣೆ ಕೊಟ್ಟ. ಕಷ್ಟದಲ್ಲಿರುವ ಒಬ್ಬ ಸಾಲ ಕೇಳುತ್ತಾನೆ. ಇಂಥ ದಿನ ತೀರಿಸಲು ಆಗುವುದಿಲ್ಲ ಅಂತ ಗೊತ್ತಿದ್ದೂ ತೀರಿಸುತ್ತೇನೆ ಅಂತ ಮಾತು ಕೊಡುತ್ತಾನೆ. ಎಲ್ಲರೂ ಹೀಗೇ ಮಾಡುವುದು ನಿಯಮವಾದರೆ ಏನಾಗುತ್ತದೆ ಅಂತ ಕಾಂಟ್ ಕೇಳುತ್ತಾನೆ. ಆಗ ಮಾತು ಕೊಡುವುದಕ್ಕೇ ಬೆಲೆ ಇರುವುದಿಲ್ಲ, ಯಾರೂ ನಂಬುವುದಿಲ್ಲ. ಪರ್ಚೇಸ್ ಆರ್ಡರ್‌ನ ‘30 ದಿನ’ ಥೇಟ್ ಇದೇ ಮಾತು. ಅಚ್ಚು ಹಾಕುವಾಗಲೇ 90ಕ್ಕೆ ಕೊಡುವುದು ಅಂತ ಒಳಗೆ ತೀರ್ಮಾನವಾಗಿರುತ್ತದೆ.

ಕಾಂಟ್‌ಗೆ ಅದು ಊಹೆಯ ಪ್ರಶ್ನೆ. ನಮ್ಮಲ್ಲಿ ಅದು ಕೊಟೇಶನ್‌ನಲ್ಲೇ ಕಾಣುತ್ತದೆ. ‘ಅಡ್ವಾನ್ಸ್ ಕೊಟ್ಟರೆ ಈ ರೇಟು, ಕ್ರೆಡಿಟ್ ಆದರೆ ಆ ರೇಟು’ ಅಂತ ವೆಂಡರ್‌ಗಳು ಎರಡು ದರ ಹೇಳುತ್ತಾರೆ. ಹೇಳಿದ ದಿನಕ್ಕೆ ಕೊಡುವ ಕಂಪನಿಯೂ ಬೇರೆಯವರ ಸುಳ್ಳಿನ ಬೆಲೆ ಸೇರಿಸಿ ತೆರುತ್ತದೆ.

ಇನ್ನು ‘ಒಟ್ಟಾರೆ ಒಳ್ಳೆಯದಕ್ಕೆ’ ಅನ್ನುವ ವಾದ. ಕೈಯಲ್ಲಿ ದುಡ್ಡಿದ್ದರೆ ಕಂಪನಿ ನಡೆಯುತ್ತದೆ, ನೂರಾರು ಜನರ ಸಂಬಳ ನಡೆಯುತ್ತದೆ, ಒಬ್ಬಿಬ್ಬರು ವೆಂಡರ್ ಕಾದರೆ ಏನಾಯಿತು? ಎಲ್ಲರ ಸುಖದ ಒಟ್ಟು ಮೊತ್ತ ಹೆಚ್ಚಿಸುವುದೇ ಸರಿ ಅಂತ ಬೆಂಥಮ್ ಮತ್ತು ಮಿಲ್ ಹೇಳಿದ ಉಪಯುಕ್ತತಾವಾದದ ಧಾಟಿ ಇದು. ನಾನು ಇದನ್ನು ತಳ್ಳಿಹಾಕುವುದಿಲ್ಲ. ಲೆಕ್ಕ ಹಾಕಿ ಅನ್ನುತ್ತೇನೆ, ಲೆಕ್ಕ ನನ್ನ ಕಸುಬಲ್ವಾ?

ಅದೇ 5,90,000 ತೊಂಬತ್ತು ದಿನ ತಡವಾಯಿತು ಅಂತಿಟ್ಟುಕೊಳ್ಳಿ. ಕಂಪನಿಗೆ ಬ್ಯಾಂಕ್ 9%ಗೆ ಸಾಲ ಕೊಡುವುದಾದರೆ, ಅದಕ್ಕೆ ಉಳಿದ ಬಡ್ಡಿ ಸುಮಾರು 13,000 ರೂಪಾಯಿ. ವೆಂಡರ್‌ನ ಬ್ಯಾಂಕ್ ಓವರ್‌ಡ್ರಾಫ್ಟ್ ಮಿತಿ ಆಗಲೇ ಮುಗಿದಿದೆ. ಸಂಬಳ ಕೊಡಲು ತಿಂಗಳಿಗೆ 2ರ ಬಡ್ಡಿಗೆ ಕೈಸಾಲ ತಂದರೆ ಅವರಿಗೆ ಬಿದ್ದ ಬಡ್ಡಿ ಸುಮಾರು 35,000. ಒಂದು ಕಡೆ 13,000 ಉಳಿಸಲು ಇನ್ನೊಂದು ಕಡೆ 35,000 ಸುಟ್ಟ ಹಾಗಾಯಿತು. ಇಬ್ಬರನ್ನೂ ಸೇರಿಸಿ ನೋಡಿದರೆ 22,000 ನಷ್ಟ, ಆ 35,000 ಬಡ್ಡಿಗೆ ಕೊಟ್ಟವನ ಜೇಬಿಗೆ ಹೋಯಿತು. ಕಟ್ಟುನಿಟ್ಟಾಗಿ ನೋಡಿದರೆ ಆ ಫೈನಾನ್ಷಿಯರ್‌ನ ಸುಖವನ್ನೂ ಮಿಲ್ ಲೆಕ್ಕಕ್ಕೆ ಹಿಡಿಯಬೇಕು, ಆದರೆ ‘ಒಟ್ಟಾರೆ ಒಳ್ಳೆಯದು’ ಅಂದ ಯಾವ ಮ್ಯಾನೇಜರ್‌ನ ಮನಸ್ಸಿನಲ್ಲೂ ಅವನಿರಲಿಲ್ಲ. ಅಗ್ಗವಾಗಿ ಸಾಲ ಸಿಗುವವರು ದುಬಾರಿ ಸಾಲ ಮಾಡುವವರ ಹೆಗಲಿಗೆ ಹೊರೆ ದಾಟಿಸಿದಾಗ ಮೊತ್ತ ಯಾವತ್ತೂ ಕೂಡಿಬರುವುದಿಲ್ಲ.

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಹೇಳಿದ ಅಜ್ಞಾನದ ಪರದೆಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ನೀವು ಯಾವ ಜಾಗದಲ್ಲಿರುತ್ತೀರಿ ಅಂತ ಗೊತ್ತಿಲ್ಲದೆ ನಿಯಮ ಮಾಡಿ ಅಂತ ಅವರ ಮಾತು. ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಕಲ್ಪಿಸಿಕೊಳ್ಳುವುದೂ ಬೇಡ. ಬೆಳಿಗ್ಗೆ ದೊಡ್ಡ ಕಂಪನಿಗೆ ಫೋನ್ ಮಾಡಿ ಪೇಮೆಂಟ್ ಕೇಳಿದವರೇ ಮಧ್ಯಾಹ್ನ ತಮಗೆ ಲೋಹದ ಲೇಪ ಹಾಕಿಕೊಡುವ ಪ್ಲೇಟಿಂಗ್‌ನವರಿಗೆ ‘ಮುಂದಿನ ವಾರ ನೋಡೋಣ’ ಅಂದಿರುತ್ತಾರೆ.

ಕಾನೂನು ಇಲ್ಲವೇ ಅಂದರೆ ಇದೆ, ಗಟ್ಟಿಯಾಗಿಯೇ ಇದೆ. 2006ರ ಎಂಎಸ್‌ಎಂಇಡಿ (ಮೈಕ್ರೋ, ಸಣ್ಣ, ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ಮೈಕ್ರೋ ಮತ್ತು ಸಣ್ಣ ಉದ್ದಿಮೆಗಳಿಗೆ ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ‘ನಮ್ಮಲ್ಲಿ ಇನ್ನೂ ಜಿಆರ್‌ಎನ್ ಆಗಿಲ್ಲ’, ಅಂದರೆ ಮಾಲು ಬಂದ ದಾಖಲೆ ಆಗಿಲ್ಲ, ಅನ್ನುವ ನೆಪವೂ ನಡೆಯದು. ಮಾಲು ತಲುಪಿ 15 ದಿನದೊಳಗೆ ಲಿಖಿತ ತಕರಾರು ಹೇಳದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡ ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಪ್ರತಿ ತಿಂಗಳು ಸೇರಿಸುತ್ತಾ. ಆ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ದೂರು ಹಾಕಲು ಸರ್ಕಾರದ ಪೋರ್ಟಲ್ ಇದೆ, ಅದನ್ನು ವಿಚಾರಿಸಲು ಫೆಸಿಲಿಟೇಶನ್ ಕೌನ್ಸಿಲ್ ಇದೆ. ಕೌನ್ಸಿಲ್ ತೀರ್ಪಿನ ವಿರುದ್ಧ ಕೋರ್ಟಿಗೆ ಹೋಗುವ ಕಂಪನಿ ಮೊದಲು 75% ದುಡ್ಡು ಕಟ್ಟಬೇಕು.

ಆದರೂ ದೂರು ಹಾಕಿ ಅಂದರೆ ವೆಂಡರ್ ಕೈಮುಗಿಯುತ್ತಾರೆ. ದೂರು ಹಾಕಿದ ಮರುದಿನ ಆರ್ಡರ್ ನಿಲ್ಲುತ್ತದೆ ಅನ್ನುವ ಭಯ ಅವರಿಗೆ.

ಪರಿಸ್ಥಿತಿ ಸ್ವಲ್ಪ ಅಲುಗಾಡಿದ್ದು ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಬಂದ ಮೇಲೆ. 2023ರ ಹಣಕಾಸು ಕಾಯ್ದೆ ತಂದ ಈ ಕಲಮು 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಆದರೆ ಅನ್ವಯಿಸಿದ್ದು ಅದಕ್ಕೂ ಹಿಂದಿನ 2023-24ರ ಲೆಕ್ಕದಿಂದಲೇ. ಕಾಲಮಿತಿ ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚು ಅಂತ ಒಪ್ಪುತ್ತೇವೆ ಅಂತ ಆದಾಯ ತೆರಿಗೆ ಇಲಾಖೆ ಹೇಳಿತು. ಹಾಗಾಗಿ 2024ರ ಮಾರ್ಚ್‌ನಲ್ಲೇ ಅಕೌಂಟ್ಸ್ ವಿಭಾಗಗಳು ವೆಂಡರ್‌ಗಳ ಹಿಂದೆ ಬಿದ್ದು, ಸಣ್ಣ ಉದ್ದಿಮೆ ಅಂತ ನೋಂದಣಿಯಾದದ್ದಕ್ಕೆ ಸಿಗುವ ಉದ್ಯಮ್ ಸರ್ಟಿಫಿಕೇಟ್ ಕೇಳಿದವು. ಹಳೆ ಬಾಕಿಗಳು ದಡದಡ ಇಳಿದವು. ಜೊತೆಗೇ ಇನ್ನೊಂದು ದೂರೂ ಕೇಳಿಬಂತು: ಆರ್ಡರ್ ಬೇಕಾದರೆ ಉದ್ಯಮ್ ನೋಂದಣಿ ವಾಪಸ್ ಮಾಡಿ ಅಂತ ಕೆಲವು ಖರೀದಿದಾರರು ಹೇಳುತ್ತಿದ್ದಾರೆ ಅಂತ.

ಇಲ್ಲಿ ಕಾಂಟ್‌ನ ಇನ್ನೊಬ್ಬ ಪಾತ್ರ ನೆನಪಾಗುತ್ತಾನೆ, ಅಂಗಡಿಯವನು. ಏನೂ ಅರಿಯದ ಮಗು ಬಂದರೂ ಅವನು ಎಲ್ಲರಿಗೂ ಕೊಡುವ ದರದಲ್ಲೇ ಕೊಡುತ್ತಾನೆ. ಮೋಸ ಮಾಡುತ್ತಾನೆ ಅಂತ ಹೆಸರು ಬಂದರೆ ಗಿರಾಕಿ ಹೋಗುತ್ತದೆ, ಅದಕ್ಕೆ. ಮಾಡಿದ್ದು ಸರಿ, ಆದರೆ ಸರಿ ಅನ್ನುವ ಕಾರಣಕ್ಕೆ ಮಾಡಿದ್ದಲ್ಲ. ಎದೆಯೊಳಗೆ ಏನಿದೆ ಅಂತ ಹೊರಗಿನವರಿಗೆ ತಿಳಿಯುವುದು ಹೇಗೆ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಆಡಿಟ್ ಮಾಡುವವರಿಗೆ ಇದು ಅಷ್ಟು ಕಷ್ಟ ಅಲ್ಲ. ಯಾರ ಬಾಕಿ ಎಷ್ಟು ದಿನದಿಂದ ನಿಂತಿದೆ ಅಂತ ತೋರಿಸುವ ಕ್ರೆಡಿಟರ್ಸ್ ಏಜಿಂಗ್ ರಿಪೋರ್ಟ್ ತೆಗೆಯಿರಿ. ಎಂಎಸ್‌ಎಂಇ ಕಾಲಂ ಮೇಲೆ ಫಿಲ್ಟರ್ ಹಾಕಿ. ‘ಹೌದು’ ಅಂತ ಇರುವವರೆಲ್ಲ 43, 44ನೇ ದಿನಕ್ಕೆ ಚುಕ್ತಾ ಆಗಿರುತ್ತಾರೆ. ಈಗ ‘ಇಲ್ಲ’ ಒತ್ತಿ. ನೋಂದಣಿ ಮಾಡಿಸದ ಪ್ಯಾಕಿಂಗ್ ಬಾಕ್ಸ್‌ನವರು, ಈ ರಕ್ಷಣೆಯ ಹೊರಗಿರುವ ವರ್ತಕರು 130 ದಿನದಲ್ಲಿ ನಿಂತಿದ್ದರೆ, ಈ ಕಂಪನಿ ವೆಂಡರ್‌ಗೆ ಹೆದರಿಲ್ಲ, ನಾಚಿಲ್ಲ, ತೆರಿಗೆಗೆ ಹೆದರಿದೆ ಅಂತಾಯಿತು. ಎರಡೂ ಪಟ್ಟಿ ಹತ್ತಿರಹತ್ತಿರ ಇದ್ದರೆ ಅಲ್ಲಿ ಯಾರೋ ಬೇರೆ ಥರ ಯೋಚಿಸಿದ್ದಾರೆ. ಸಮಾಜಸೇವೆ ತೋರಿಸುವ ಸಿಎಸ್‌ಆರ್ ಪುಟದ ಬಣ್ಣದ ಫೋಟೋಗಳಿಗಿಂತ ನಾನು ಈ ಎರಡು ಪಟ್ಟಿಯನ್ನು ಹೆಚ್ಚು ನಂಬುತ್ತೇನೆ.

ನಿಜವಾಗಿ ಕಷ್ಟದ ಪ್ರಶ್ನೆ ಬರುವುದು ಕೊಡಲು ದುಡ್ಡೇ ಇಲ್ಲದಾಗ. ನನ್ನ ಕ್ಲೈಂಟ್ ಒಬ್ಬರಿಗೆ ಸರ್ಕಾರಿ ಇಲಾಖೆಯೊಂದರ ಬಿಲ್ ಸಿಕ್ಕಿಹಾಕಿಕೊಂಡಿತ್ತು. ಖಾತೆಯಲ್ಲಿ ಸುಮಾರು 20 ಲಕ್ಷ. ಆ ತಿಂಗಳು ಕೊಡಬೇಕಾದ್ದು 34 ಲಕ್ಷ. ಸಂಬಳ, ಪಿಎಫ್, ಜಿಎಸ್‌ಟಿ ಮುಟ್ಟುವಂತಿರಲಿಲ್ಲ. ಉಳಿದದ್ದರಲ್ಲಿ ಯಾರಿಗೆ? ಸಾಮಾನ್ಯವಾಗಿ ನಡೆಯುವುದು ಏನಂದರೆ, ಜೋರಾಗಿ ಕೂಗಾಡಿದವರಿಗೆ ಮತ್ತು ಮಾಲು ನಿಲ್ಲಿಸುವ ತಾಕತ್ತಿದ್ದವರಿಗೆ ಮೊದಲು. ಸುಮ್ನೆ ಇರುವವರು ಕೊನೆಗೆ.

ನನ್ನ ಕ್ಲೈಂಟ್ ಈ ಪಟ್ಟಿಯನ್ನು ತಿರುಗಿಸಿದರು. ಸಣ್ಣವರಿಗೆ ಪೂರ್ತಿ, ನಡುವಿನವರಿಗೆ ಅರ್ಧ, ಸ್ಟೀಲ್ ಕೊಡುವ ಇಬ್ಬರು ದೊಡ್ಡವರಿಗೆ ಆ ತಿಂಗಳು ಏನೂ ಇಲ್ಲ. ಕಾಯುವವರಿಗೆಲ್ಲ ತಾವೇ ಫೋನ್ ಮಾಡಿ, ಇಷ್ಟು ಇದೆ, ಇಷ್ಟು ಇಲ್ಲ, ಇಂಥ ತಾರೀಕಿಗೆ ಕೊಡುತ್ತೇನೆ, ಅಲ್ಲಿಯ ತನಕ ಬಡ್ಡಿ ಸೇರಿಸಿ ಅಂದರು. ಆಮೇಲೆ ಅದನ್ನೇ ಮೇಲ್ ಮಾಡಿದರು. ಅಕೌಂಟ್ಸ್ ಹುಡುಗನ ಕೈಯಲ್ಲಿ ‘ಸರ್ವರ್ ಡೌನ್’, ‘ಸಾಹೇಬರು ಟೂರ್‌ನಲ್ಲಿದ್ದಾರೆ’ ಅಂತ ಹೇಳಿಸಲಿಲ್ಲ. ನಾನು ಬಡ್ಡಿಯ ಮಾತು ಬೇಡ, ಅದು ಸುಮ್ನೆ ರೂಢಿಯಾಗಿಬಿಡುತ್ತದೆ ಅಂದೆ. ಅವರು ಕೇಳಲಿಲ್ಲ.

ಸ್ಟೀಲ್‌ನವರಲ್ಲಿ ಒಬ್ಬರು ಒಪ್ಪಿದರು. ಇನ್ನೊಬ್ಬರು ಮುಂದಿನ ಲೋಡ್ ತಡೆಹಿಡಿದರು, ಲೈನ್ ಎರಡು ದಿನ ನಿಂತಿತು. ಪ್ರೊಡಕ್ಷನ್ ಮ್ಯಾನೇಜರ್ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ, ಸಣ್ಣವರಿಗೆ ಕೊಟ್ಟ ದುಡ್ಡಲ್ಲಿ ಸ್ಟೀಲ್ ತರಬಹುದಿತ್ತು ಅಂತ. ತರಬಹುದಿತ್ತು, ನಿಜ. ಆಗ ಲೈನ್ ಓಡುತ್ತಿತ್ತು, ಕೈಸಾಲದ ಬಡ್ಡಿ ಪ್ಲೇಟಿಂಗ್‌ನವರು ಕಟ್ಟುತ್ತಿದ್ದರು. ಈಗ ಎರಡು ದಿನದ ನಷ್ಟ ಕಂಪನಿಯ ಪುಸ್ತಕದಲ್ಲೇ ಇದೆ.