ರೆಸಿನ್ ಬಾಂಡ್ ಡೈಮಂಡ್ ವೀಲ್: ತಕ್ಕಡಿಯಲ್ಲೇ ಅರ್ಧ ಕೆಲಸ

ಪುಣೆಯ ಭೋಸರಿ, ಚಾಕಣ ಕಡೆಯ ಟೂಲ್‌ರೂಮುಗಳಲ್ಲಿ ಕೆಲಸ ಕಲಿಯುತ್ತಿರುವ ನಮ್ಮ ಹುಡುಗರು ಡೈಮಂಡ್ ವೀಲ್, ಅಂದರೆ ವಜ್ರದ ಕಾಳನ್ನು ರೆಸಿನ್ ಅನ್ನುವ ಅಂಟು (ಬಾಂಡ್) ಹಿಡಿದಿಟ್ಟ ಸಾಣೆ ಚಕ್ರ, ಮಾಡುವಾಗ ಮೊದಲು ಕೇಳುವುದು ‘ಎಷ್ಟು ಮೆಶ್?’ (ಕಾಳು ಎಷ್ಟು ನುಣ್ಣಗೆ) ಅಂತ. ಮೆಶ್ ಡಬ್ಬಿಯ ಮೇಲೇ ಬರೆದಿರುತ್ತದೆ. ತಪ್ಪು ನಡೆಯುವುದು ತೂಕದಲ್ಲಿ. ಆದ್ದರಿಂದ ಲೆಕ್ಕದಿಂದಲೇ ಶುರು ಮಾಡೋಣ.

ವೀಲ್ ಪೂರ್ತಿ ವಜ್ರದ್ದಲ್ಲ. ನಡುವೆ ಅಲ್ಯೂಮಿನಿಯಂ ಕೋರ್; ಸಾಣೆ ಹಿಡಿಯುವುದು ಅದರ ಸುತ್ತ ಕೂತ ನಾಲ್ಕೈದು ಮಿ.ಮೀ. ರಿಮ್ ಮಾತ್ರ. ಉದಾಹರಣೆಗೆ 1ಎ1 ಆಕಾರ (ನೇರ ಚಕ್ರ, ವಜ್ರ ಹೊರ ಸುತ್ತಿನಲ್ಲಿ), ವ್ಯಾಸ 150, ಅಗಲ 10, ರಿಮ್ ಆಳ 5 ಮಿ.ಮೀ., ವಜ್ರದ ಕಾಳು ಡಿ126 ಅಂದರೆ 120/140 ಮೆಶ್, ಕಾನ್ಸಂಟ್ರೇಷನ್ (ರಿಮ್‌ನಲ್ಲಿ ವಜ್ರ ಎಷ್ಟು ಅನ್ನುವ ಅಳತೆ) 75. ರಿಮ್‌ನ ಗಾತ್ರ ಸೆಂ.ಮೀ. ಲೆಕ್ಕದಲ್ಲಿ: 3.1416 × (7.5² − 7.0²) × 1 = 22.8 ಘನ ಸೆಂ.ಮೀ.

ಕಾನ್ಸಂಟ್ರೇಷನ್ 100 ಅಂದರೆ ನೂರಕ್ಕೆ ನೂರು ವಜ್ರ ಅಂತಲ್ಲ. ಘನ ಸೆಂ.ಮೀ.ಗೆ 4.4 ಕ್ಯಾರಟ್, ಗಾತ್ರದಲ್ಲಿ ಕಾಲು ಭಾಗ, ಅಷ್ಟೆ. 75ಕ್ಕೆ 3.3 ಕ್ಯಾರಟ್. ನಮ್ಮ ವೀಲಿಗೆ ಸುಮಾರು 75 ಕ್ಯಾರಟ್, ಕ್ಯಾರಟ್ಟಿಗೆ 0.2 ಗ್ರಾಂ, ಹಾಗಾಗಿ 15 ಗ್ರಾಂ.

ಇಲ್ಲೇ ಎಡವುವುದು. ರೆಸಿನ್ ಬಾಂಡಿಗೆ ಬಳಸುವ ವಜ್ರದ ಪುಡಿಗೆ ಸಾಮಾನ್ಯವಾಗಿ ನಿಕಲ್ ಲೇಪ ಇರುತ್ತದೆ. ಲೇಪ ಕಾಳನ್ನು ರೆಸಿನ್ ಗಟ್ಟಿಯಾಗಿ ಹಿಡಿಯುವಂತೆ ಮಾಡುತ್ತದೆ, ಬಿಸಿ ಒಮ್ಮೆಲೇ ರೆಸಿನ್‌ಗೆ ತಾಗದಂತೆ ತಡೆಯುತ್ತದೆ. ಡಬ್ಬಿಯ ಮೇಲೆ 56 ಶೇಕಡ ಅಂತ ಇದ್ದರೆ ತೂಕದಲ್ಲಿ 56 ಪಾಲು ನಿಕಲ್, ವಜ್ರ 44 ಮಾತ್ರ. 15 ಗ್ರಾಂ ವಜ್ರ ಬೇಕಾದರೆ 15 ÷ 0.44, ಅಂದರೆ 34 ಗ್ರಾಂ ಪುಡಿ ತೂಗಬೇಕು. ಮರೆತು 15 ಗ್ರಾಂ ಪುಡಿಯನ್ನೇ ಹಾಕಿದರೆ ಒಳಗೆ ಹೋಗುವುದು 6.6 ಗ್ರಾಂ ವಜ್ರ. ಕಾನ್ಸಂಟ್ರೇಷನ್ 33ಕ್ಕೆ ಇಳಿಯಿತು. ಕಣ್ಣಿಗೆ ವೀಲ್ ಸರಿಯಾಗೇ ಕಾಣುತ್ತದೆ. ಮಷೀನಿಗೆ ಹಾಕಿದ ಮೇಲೆ ಮೂಲೆ ಬೇಗ ಸವೆದು, ‘ಬಾಂಡ್ ಮೆತ್ತಗಿದೆ’ ಅಂತ ದೂರು ಬರುತ್ತದೆ. ಬಾಂಡಿನ ತಪ್ಪೇನೂ ಇಲ್ಲ.

ಉಳಿದ ಜಾಗ ಫಿನಾಲಿಕ್ ರೆಸಿನ್ ಪುಡಿಗೆ ಮತ್ತು ಫಿಲ್ಲರ್‌ಗೆ (ಜಾಗ ತುಂಬುವ ಪುಡಿ), ಹೆಚ್ಚಾಗಿ ನುಣ್ಣನೆಯ ಸಿಲಿಕಾನ್ ಕಾರ್ಬೈಡ್. ಇವನ್ನೂ ಗಾತ್ರದ ಪಾಲಿನಲ್ಲಿ ಹಂಚಿ, ಆಮೇಲೆ ಸಾಂದ್ರತೆಯಿಂದ ಗುಣಿಸಿ ತೂಕಕ್ಕೆ ತನ್ನಿ. ಲೇಪವಿರುವ ವಜ್ರ ರೆಸಿನ್‌ಗಿಂತ ಬಹಳ ಭಾರ. ಒಣಗಿದ್ದಾಗ ಬೆರೆಸಿದರೆ ತಳಕ್ಕೆ ಇಳಿಯುತ್ತದೆ. ಮೊದಲು ವಜ್ರವನ್ನು ಕೆಲವು ಹನಿ ಫರ್ಫ್ಯುರಾಲ್ ಎಂಬ ದ್ರಾವಕದಿಂದ ಒದ್ದೆ ಮಾಡಿ (ಕೈಗವಸು ಬೇಕು, ಗಾಳಿಯೂ ಆಡಬೇಕು), ಮೇಲೆ ರೆಸಿನ್ ಉದುರಿಸಿ, ಕಾಳಿಗೆ ರೆಸಿನ್ ಅಂಟಿದ ಮೇಲೆ ಜರಡಿ ಹಿಡಿಯಿರಿ. ಮಳೆಗಾಲದ ಪುಣೆಯಲ್ಲಿ ರೆಸಿನ್ ಡಬ್ಬಿ ತೆರೆದಿಟ್ಟರೆ ಗಂಟುಗಂಟಾಗುತ್ತದೆ. ಆ ತೇವವೇ ಪ್ರೆಸ್‌ನಲ್ಲಿ ಆವಿಯಾಗಿ ರಿಮ್‌ನೊಳಗೆ ಗುಳ್ಳೆ ಎಬ್ಬಿಸುತ್ತದೆ.

ಅಚ್ಚಿಗೆ (ಅಲ್ಲಿನ ಮರಾಠಿ ಫಿಟ್ಟರ್‌ಗಳ ಬಾಯಲ್ಲಿ ‘ಸಾಚಾ’) ವೀಲ್ ಅಂಟದಂತೆ ರಿಲೀಸ್ ಸ್ಪ್ರೇ ಹೊಡೆಯುವಾಗ ಕೋರ್ ದೂರ ಇರಲಿ. ರಿಮ್ ಕೂರುವ ಜಾಗಕ್ಕೆ ಸಿಲಿಕೋನ್ ಅಥವಾ ಬೆರಳಿನ ಜಿಡ್ಡು ತಾಗಿದರೆ ಮುಂದೆ ರಿಮ್ ಕೋರ್ ಬಿಟ್ಟು ಏಳುತ್ತದೆ. ಆ ಜಾಗವನ್ನು ಒರಟು ಮಾಡಿ, ಅಸಿಟೋನ್‌ನಿಂದ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಪುಡಿ ಸುರಿದು, ಅಚ್ಚನ್ನು ತಿರುಗಿಸುತ್ತಾ ಪಟ್ಟಿಯಿಂದ ಸಮ ಮಾಡಿ. ಒಂದು ಕಡೆ ಹೆಚ್ಚಾದರೆ ಅಲ್ಲಿ ರಿಮ್ ಗಡಸು, ಎದುರುಗಡೆ ಮೆದು.

ಒತ್ತಡದ ಲೆಕ್ಕ ರಿಮ್‌ನ ಉಂಗುರಕ್ಕೆ ಮಾತ್ರ. ನಮ್ಮದು 22.8 ಚದರ ಸೆಂ.ಮೀ.; 40 ಎಂಪಿಎ (ಮೆಗಾಪ್ಯಾಸ್ಕಲ್, ಒತ್ತಡದ ಅಳತೆ) ಬೇಕಿದ್ದರೆ 9.3 ಟನ್ ಸಾಕು. ಇಡೀ ವೀಲಿನ ವಿಸ್ತೀರ್ಣ ಹಿಡಿದರೆ 72 ಟನ್ ಬರುತ್ತದೆ, ಅಚ್ಚು ಉಳಿಯುವುದಿಲ್ಲ. ಬಿಸಿ 170ರಿಂದ 180 ಡಿಗ್ರಿ ಸೆಲ್ಸಿಯಸ್. ಆದರೆ ಮೀಟರ್ ತೋರಿಸುವುದು ಪ್ರೆಸ್ಸಿನ ತಟ್ಟೆಯ ಬಿಸಿ. ದಪ್ಪ ಉಕ್ಕಿನ ಅಚ್ಚಿನ ಒಳಗು ನಿಧಾನವಾಗಿ ಕಾಯುತ್ತದೆ. ಅಚ್ಚಿನಲ್ಲೇ ಒಂದು ತೂತು ಕೊರೆದು ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇಡುವುದು ಒಳ್ಳೆಯದು. ರೆಸಿನ್ ಬೇಯುವಾಗ ಅಮೋನಿಯ ಮತ್ತು ನೀರಾವಿ ಬಿಡುತ್ತದೆ, ಹಾಗಾಗಿ ಮೊದಲ ಕೆಲವು ನಿಮಿಷ ಒತ್ತಡ ಎರಡು-ಮೂರು ಸಲ ಸಡಿಲಿಸಿ ಉಸಿರಾಡಲು ಬಿಡಬೇಕು. ಮೂಗಿಗೆ ಘಾಟು ಹೊಡೆದರೆ ಆವಿ ಹೊರಗೆ ಬರುತ್ತಿದೆ ಅಂತಲೇ ಅರ್ಥ. ಆಮೇಲೆ ಅರ್ಧ ಗಂಟೆಯಷ್ಟು ಪೂರ್ತಿ ಒತ್ತಡ. ಓವನ್‌ನಲ್ಲಿ ಮತ್ತೆ ಬೇಯಿಸುವಾಗ ಹಲವು ಗಂಟೆ ಹಿಡಿದು ನಿಧಾನವಾಗಿ ಬಿಸಿ ಏರಿಸಿ. ಅವಸರ ಮಾಡಿದರೆ ಗುಳ್ಳೆ.

ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲಿನಿಂದ ಟ್ರೂಯಿಂಗ್ ಮಾಡಿ (ಅಂದರೆ ರಿಮ್ ಸಮವಾಗಿ ದುಂಡಗೆ ಮಾಡಿ), ಡಯಲ್ ಗೇಜಿನಲ್ಲಿ ರನ್‌ಔಟ್ (ತಿರುಗುವಾಗಿನ ಓಲಾಟ) 0.02 ಮಿ.ಮೀ. ಒಳಗೆ ತನ್ನಿ. ಈಗ ರಿಮ್ ಗಾಜಿನಂತೆ ನುಣುಪಾಗಿರುತ್ತದೆ, ಹಾಗೇ ಬಳಸಿದರೆ ಕಡಿಯದೆ ಸುಡುತ್ತದೆ. ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕಡ್ಡಿಯನ್ನು ನೀರಿನಲ್ಲಿ ತೋಯಿಸಿ ಒತ್ತಿ. ಬಾಂಡ್ ಸವೆದು ಕಾಳು ಮೇಲೆ ಬರುತ್ತದೆ. ವೀಲ್ ನಿಂತ ಮೇಲೆ ಉಗುರು ಎಳೆದರೆ ಗರಗರ ಅನ್ನಬೇಕು.

ಇದೇ ವೀಲಿನಲ್ಲಿ ಉಕ್ಕು ಉಜ್ಜಬಹುದೇ? ಬೇಡ. ಬಿಸಿಯಲ್ಲಿ ವಜ್ರದ ಇಂಗಾಲ ಕಬ್ಬಿಣದೊಳಗೆ ಕರಗುತ್ತದೆ. ಗಡಸು ಉಕ್ಕಿಗೆ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ವೀಲ್ ಇದೆ.

ಅಚ್ಚಿನ ಸಂದಿಯಲ್ಲಿ ಹೊರಬಂದ ತೆಳು ಅಂಚನ್ನು ಗುಡಿಸಿ ಎಸೆಯಬೇಡಿ, ಅದರಲ್ಲಿ ವಜ್ರವಿದೆ. ಪ್ರತಿ ವೀಲಿನದ್ದೂ ತೂಗಿ ಬರೆದಿಡಿ. ತೂಕ ದಿನದಿಂದ ದಿನಕ್ಕೆ ಏರುತ್ತಿದ್ದರೆ ಅಚ್ಚು ಸವೆದು ಸಂದಿ ಅಗಲವಾಗಿದೆ.