ಓದುಗರ ಪ್ರಶ್ನೆ: ನಮ್ಮ ಬಿಸಿಲಿಗೆ ಹಳೆಯ ಕಾರಿನ ಥರ್ಮೋಸ್ಟಾಟ್ ತೆಗೆಸಬೇಕೆ?

ಪ್ರಶ್ನೆ: ಎಪ್ಪತ್ತು ಸಾವಿರಕ್ಕೆ ಒಂದು ಹಳೆಯ ಪೆಟ್ರೋಲ್ ಕಾರು ಕೊಂಡಿದ್ದೇನೆ. ರಾಯಚೂರಿನಿಂದ ಸಿಂಧನೂರು ಮುಟ್ಟುವಷ್ಟರಲ್ಲಿ ಎರಡು ಸಲ ಹೀಟ್ ಆಗಿ ನಿಂತಿತು. ‘ನಮ್ಮ ಕಡೆ ಬಿಸಿಲಿಗೆ ಥರ್ಮೋಸ್ಟಾಟ್ ವಾಲ್ವ್ ಬೇಕಾಗೇ ಇಲ್ಲ, ತೆಗೆದುಬಿಡೋಣ’ ಎನ್ನುತ್ತಾರೆ ಮೆಕ್ಯಾನಿಕ್. ತೆಗೆಸಲೇ ಸರ್?

ಉತ್ತರ: ಬೇಡ. ಯುಗಾದಿ ಕಳೆದು ಬಿಸಿಲು ಏರತೊಡಗಿದರೆ ಸಾಕು, ಈ ಪ್ರಶ್ನೆ ತಪ್ಪದೆ ಬರುತ್ತದೆ. ಕಾರು ಬೇರೆ ಇರುತ್ತದೆ, ಊರು ಬೇರೆ ಇರುತ್ತದೆ, ತೆಗೆಸಬೇಕೆಂದಿರುವ ವಾಲ್ವ್ ಮಾತ್ರ ಅದೇ. ಹೋದ ವರ್ಷವೂ ಬೇಡವೆಂದೇ ಬರೆದಿದ್ದೆ. ಈ ಸಲ ಕಾರಣವನ್ನು ಪೂರ್ತಿಯಾಗಿ ಬರೆಯುತ್ತೇನೆ. ದಯವಿಟ್ಟು ಇದನ್ನೇ ನಿಮ್ಮ ಮೆಕ್ಯಾನಿಕ್‌ಗೂ ಓದಿ ಹೇಳಿ.

ಆ ಪುಟ್ಟ ವಾಲ್ವಿನ ಹೊಟ್ಟೆಯಲ್ಲಿ ಮೇಣವಿದೆ. ಇಂಜಿನ್ನಿನ ನೀರು ಕಾದಂತೆ ಮೇಣ ಕರಗಿ, ಹಿಗ್ಗಿ, ಬಿಸಿನೀರನ್ನು ಗಾಳಿಗೆ ಆರಿಸುವ ರೇಡಿಯೇಟರ್ ಕಡೆಯ ಬಾಗಿಲನ್ನು ತಳ್ಳಿ ತೆರೆಯುತ್ತದೆ. ಹೆಚ್ಚಿನ ಕಾರುಗಳಲ್ಲಿ ಇದು 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ ತೆರೆಯತೊಡಗಿ, ಇನ್ನು ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆದಿರುತ್ತದೆ. ಅಂದರೆ ನಿಮ್ಮ ಕಾರು ರಸ್ತೆ ಬದಿಯಲ್ಲಿ ಹೊಗೆಯಾಡುತ್ತ ನಿಂತಾಗ, ವಾಲ್ವ್ ಕೆಟ್ಟಿರದಿದ್ದರೆ, ಅದು ತನ್ನ ಕೈಲಾದಷ್ಟು ಬಾಯಿ ತೆರೆದುಕೊಂಡೇ ಇತ್ತು. ತೆರೆದೇ ಇರುವ ಬಾಗಿಲನ್ನು ಕಿತ್ತು ಒಗೆದರೆ ಮನೆಗೆ ಹೆಚ್ಚು ಗಾಳಿ ಬರುವುದಿಲ್ಲ. ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡ ವಾಲ್ವಿನಿಂದ ಇಂಜಿನ್ ಕಾಯುವುದು ನಿಜ. ಅದಕ್ಕೆ ಪರಿಹಾರ ಕೆಲವು ನೂರು ರೂಪಾಯಿಯ ಹೊಸ ವಾಲ್ವೇ ಹೊರತು ಖಾಲಿ ಜಾಗವಲ್ಲ. ಅನುಮಾನವಿದ್ದರೆ ಹಳೆಯದನ್ನು ಬಿಚ್ಚಿ, ಒಂದು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕುದಿಸಿ. ನೀರು ಕುದಿಯುವ ಹೊತ್ತಿಗೂ ಬಾಯಿ ತೆರೆಯದಿದ್ದರೆ ಅದು ಸತ್ತಿದೆ. (ಆ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ.)

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಭಾಗದ ರೈತರು ಎರಡನೇ ಬೆಳೆಯನ್ನು ನೆನೆದು ಕಂಗಾಲಾಗಿದ್ದರು. ಗೇಟು ಇರುವುದು ನೀರು ಹರಿಯದಂತೆ ತಡೆಯುವುದಕ್ಕಷ್ಟೇ ಅಲ್ಲ, ಬೇಕಾದ ಮಟ್ಟದಲ್ಲಿ ನಿಲ್ಲಿಸುವುದಕ್ಕೆ ಎಂದು ಆಗ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಥರ್ಮೋಸ್ಟಾಟ್ ನಿಲ್ಲಿಸುವುದು ಬಿಸಿಯ ಮಟ್ಟವನ್ನು. ಅದಿಲ್ಲದ ಇಂಜಿನ್ ಬೆಳಗಿನ ಹೊತ್ತು, ಹೈವೇಯ ಗಾಳಿಯಲ್ಲಿ, ಚಳಿಗಾಲದಲ್ಲಿ ಕಾಯಬೇಕಾದಷ್ಟು ಕಾಯುವುದೇ ಇಲ್ಲ. ಇಂಜೆಕ್ಷನ್ ಕಾರಿನ ಕಂಪ್ಯೂಟರ್ ‘ಇಂಜಿನ್ ಇನ್ನೂ ತಣ್ಣಗಿದೆ’ ಎಂದುಕೊಂಡು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಇಳಿಯುತ್ತದೆ, ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಸುತ್ತದೆ, ಆಯಿಲಿನೊಳಗಿನ ನೀರಿನಂಶ ಆವಿಯಾಗದೆ ಉಳಿದು ಕೆಸರಾಗುತ್ತದೆ. ಇದರ ಮೇಲೆ, ಕೆಲವು ಇಂಜಿನ್ನುಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಇದೇ ವಾಲ್ವಿನ ಕೆಲಸ. ಅಲ್ಲಿ ವಾಲ್ವ್ ತೆಗೆದರೆ ಒಂದಷ್ಟು ಬಿಸಿನೀರು ರೇಡಿಯೇಟರಿಗೆ ಹೋಗದೆ ಇಂಜಿನ್ನಿನೊಳಗೇ ಸುತ್ತುತ್ತದೆ, ಕಾರು ಮೊದಲಿಗಿಂತ ಹೆಚ್ಚು ಹೀಟ್ ಆಗುತ್ತದೆ. ತಣ್ಣಗಿರಲೆಂದು ತೆಗೆಸಿದವರು ಈ ಫಲವನ್ನು ನಂಬುವುದೇ ಇಲ್ಲ, ಬಿಸಿಲನ್ನೇ ಬೈಯುತ್ತಾರೆ.

ಬಿಸಿಲಿನದೂ ಪಾಲಿದೆ, ಇಲ್ಲವೆನ್ನುವುದಿಲ್ಲ. ರೇಡಿಯೇಟರ್ ಹೊರಹಾಕುವ ಶಾಖವು ನೀರಿನ ಬಿಸಿಗೂ ಹೊರಗಿನ ಗಾಳಿಗೂ ಇರುವ ಅಂತರವನ್ನು ಅವಲಂಬಿಸಿರುತ್ತದೆ. ನೀರು 90 ಡಿಗ್ರಿ, ಗಾಳಿ 27 ಡಿಗ್ರಿ ಇದ್ದರೆ ಅಂತರ 63. ಮೇ ತಿಂಗಳ ಬಳ್ಳಾರಿಯ 42 ಡಿಗ್ರಿಯಲ್ಲಿ 48 ಮಾತ್ರ. ಹೆಚ್ಚುಕಡಿಮೆ ನಾಲ್ಕರಲ್ಲೊಂದು ಪಾಲು ಶಕ್ತಿ ಅಲ್ಲೇ ಹೋಯಿತು. ಹೊಸ ಕಾರು ಇದನ್ನು ತಡೆದುಕೊಳ್ಳುವಂತೆಯೇ ತಯಾರಾಗಿರುತ್ತದೆ, ಆದರೆ ಹದಿನೈದು ವರ್ಷ ಬೋರ್‌ವೆಲ್ ನೀರು ಕುಡಿದ ರೇಡಿಯೇಟರ್ ತಡೆಯುವುದಿಲ್ಲ. ನಿಮ್ಮ ಬಚ್ಚಲಿನ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೇ ಅದರ ಸಣ್ಣ ಕೊಳವೆಗಳಲ್ಲೂ ಕಟ್ಟಿರುತ್ತದೆ. ಹೊರಗಡೆ ಸಂಡೂರಿನ ಅದಿರಿನ ಧೂಳೋ, ಗಂಗಾವತಿ-ಕಾರಟಗಿಯ ರೈಸ್ ಮಿಲ್ಲುಗಳ ಹೊಟ್ಟೋ, ರಾಯಚೂರಿನ ಹತ್ತಿಯ ಎಳೆಯೋ ರೇಡಿಯೇಟರಿಗೂ ಅದರ ಮುಂದೆ ಏಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರಿಗೂ ನಡುವೆ ಕಂಬಳಿಯಂತೆ ಕೂತಿರುತ್ತದೆ. ಮುಂದಿನಿಂದ ಪೈಪ್ ಹಿಡಿದು ತೊಳೆದರೆ ಅದು ಹೋಗುವುದಿಲ್ಲ, ಎರಡನ್ನೂ ಬೇರ್ಪಡಿಸಿ ತೊಳೆಸಬೇಕು.

ಆದ್ದರಿಂದ ನೀವು ಹಣ ಹಾಕಬೇಕಾದದ್ದು ಇಲ್ಲಿ. ಹಿತ್ತಾಳೆಯ ಹಳೆಯ ರೇಡಿಯೇಟರಾದರೆ ರಾಡಿಂಗ್ (ಕೊಳವೆಗಳೊಳಗೆ ಸಲಾಕೆ ತೂರಿಸಿ ಕೆರೆದು ತೆಗೆಯುವುದು) ಮಾಡಿಸಬಹುದು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಾದರೆ ಹೊಸದನ್ನೇ ಹಾಕಿಸುವುದು ಲೇಸು. ಜೊತೆಗೆ ರೇಡಿಯೇಟರಿನ ಮುಚ್ಚಳ, ಅಂದರೆ ಕ್ಯಾಪ್ ಬದಲಿಸಿ. ಅದರ ಮೇಲೆ 0.9 ಅಥವಾ 1.1 ಎಂದು ಬರೆದಿರುವುದು ಒತ್ತಡದ ಲೆಕ್ಕ. ಆ ಒತ್ತಡದಿಂದಲೇ ಒಳಗಿನ ನೀರು ನೂರು ಡಿಗ್ರಿಗೆ ಕುದಿಯದೆ ನೂರಿಪ್ಪತ್ತರ ಹತ್ತಿರದವರೆಗೆ ತಾಳಿಕೊಳ್ಳುತ್ತದೆ. ಸ್ಪ್ರಿಂಗ್ ಸಡಿಲವಾದ ಕ್ಯಾಪ್ ಇಟ್ಟುಕೊಂಡು ನಾನೇ ಒಮ್ಮೆ ಕುಡತಿನಿಯ ಹತ್ತಿರ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲು) ಸುಟ್ಟುಕೊಂಡಿದ್ದೇನೆ. ಸೊಟ್ಟಗಾದ ಹೆಡ್ಡನ್ನು ಸಮ ಮಾಡಿಸುವ ಹೆಡ್ ಫೇಸಿಂಗ್‌ಗೆ ಕೊಟ್ಟ ದುಡ್ಡಿನಲ್ಲಿ ಕ್ಯಾಪುಗಳ ಅಂಗಡಿಯನ್ನೇ ಇಡಬಹುದಿತ್ತು. ರೇಡಿಯೇಟರ್ ನೀರಿಗೆ ಬೆರೆಸುವ ಕೂಲೆಂಟ್ ಚಳಿ ದೇಶದವರಿಗೆ ಎಂಬ ಮಾತನ್ನೂ ಬಿಡಿ: ಅದು ಕುದಿಬಿಂದುವನ್ನು ಏರಿಸುತ್ತದೆ, ತುಕ್ಕನ್ನು ತಡೆಯುತ್ತದೆ. ಬೆರೆಸುವ ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಾಗಿರಲಿ. ತೆಗೆದ ಹಳೆಯ ಕೂಲೆಂಟನ್ನು ಮಾತ್ರ ಅಂಗಳಕ್ಕೆ ಚೆಲ್ಲಬೇಡಿ. ಸಿಹಿಯಾಗಿರುವುದರಿಂದ ನಾಯಿ, ಕರು ನೆಕ್ಕುತ್ತವೆ, ಅದು ವಿಷ.

ನೀವು ಕೇಳಿಲ್ಲ, ಆದರೂ ‘ಫ್ಯಾನ್ ಡೈರೆಕ್ಟ್’ ಮಾಡುವ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಕಾರಿಗೆ ಮುಂದಿನ ಸಲಹೆ ಅದೇ ಬರಲಿದೆ. ಇಂಜಿನ್ ಕಾದಾಗ ರೇಡಿಯೇಟರ್ ಫ್ಯಾನನ್ನು ಓಡಿಸುವ ಸ್ವಿಚ್ ಕೆಟ್ಟಾಗ ಅದನ್ನು ಬದಲಿಸದೆ, ಕೀ ತಿರುಗಿಸಿದ ಕೂಡಲೇ ಫ್ಯಾನ್ ತಿರುಗುವಂತೆ ವೈರ್ ಜೋಡಿಸುತ್ತಾರೆ. ಊರು ಮುಟ್ಟಲು ಒಂದು ದಿನದ ಮಟ್ಟಿಗೆ ಇದು ಒಳ್ಳೆಯ ಉಪಾಯ. ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಮೋಟಾರು ಬೇಗ ಸವೆಯುತ್ತದೆ. ಹಳೆಯ ಕಾರು ಕೊಳ್ಳಲು ಹೊರಟವರಿಗೆ ಮಾತ್ರ ಇದೊಂದು ಸುಳಿವು: ಏಸಿ ಹಾಕದೆಯೂ, ಇಂಜಿನ್ ತಣ್ಣಗಿದ್ದಾಗಲೂ ಫ್ಯಾನ್ ಓಡುತ್ತಿದ್ದರೆ, ಹತ್ತು ಕಿಲೋಮೀಟರ್ ಓಡಿಸಿದರೂ ಹೀಟ್ ಮುಳ್ಳು ತಳ ಬಿಟ್ಟು ಏಳದಿದ್ದರೆ, ಆ ಕಾರಿಗೆ ಹೀಟಿಂಗ್ ರೋಗವಿತ್ತು, ಯಾರೋ ಅದನ್ನು ಮುಚ್ಚಿಟ್ಟಿದ್ದಾರೆ ಎಂದೇ ತಿಳಿಯಿರಿ. ಹಳೆಯ ಕಾರನ್ನು ನೋಡಲು ಬೆಳಗ್ಗೆಯೇ ಹೋಗಿ, ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡಿ. ನೀವು ಬರುವ ಮುನ್ನವೇ ಅದು ಬೆಚ್ಚಗಾಗಿದ್ದರೆ, ಇನ್ನೊಂದು ದಿನ ಹೇಳದೆ ಬರುವುದು ಒಳ್ಳೆಯದು.