ಸನೆಟ್ಟಿಯ ತೋಳ ನಡುಹಗಲಿನಲ್ಲಿ ಬೇಟೆಯಾಡುವುದೇಕೆ

ನಾಗರಹೊಳೆ, ಬಂಡೀಪುರಗಳ ಸಫಾರಿಗೆ ಒಗ್ಗಿದವರು ಇಥಿಯೋಪಿಯಾದ ಬಾಲೆ ಪರ್ವತ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಾಗ ಮಾರ್ಗದರ್ಶಕನಾದ ನನ್ನನ್ನು ಮೊದಲು ಕೇಳುವುದು, ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕು ಎಂದು. ಸನೆಟ್ಟಿ ಪ್ರಸ್ಥಭೂಮಿಯಲ್ಲಿ ಇಥಿಯೋಪಿಯನ್ ತೋಳದ ಬೇಟೆಯನ್ನು ನೋಡಬೇಕಿದ್ದರೆ ಬಿಸಿಲೇರಿದ ಮೇಲೆ ಹೋದರೆ ಸಾಕು ಎಂದರೆ ಅವರಿಗೆ ನಂಬಿಕೆಯೇ ಬರುವುದಿಲ್ಲ.

ಇದಕ್ಕೆ ಕಾರಣ ತೋಳದ ಆಹಾರ. ಸುಮಾರು 4,000 ಮೀಟರ್ ಎತ್ತರದ ಈ ಬಯಲಿನಲ್ಲಿ, ಒಣಹವೆಯ ತಿಂಗಳುಗಳಲ್ಲಿ ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಹಗಲು ಬಿಸಿಲು ಚುರುಗುಟ್ಟುತ್ತದೆ. ಬಾಲೆ ಪರ್ವತಗಳಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಇಲ್ಲದ, ಬಲಿತಾಗ ಒಂದು ಕಿಲೋದ ಹತ್ತಿರ ತೂಗಬಲ್ಲ ದೈತ್ಯ ಬಿಲದಿಲಿ, ನೆಲ ಬೆಚ್ಚಗಾದ ಮೇಲೆಯೇ ಮೇಲೆ ಬರುತ್ತದೆ. ಮೊದಲು ಹೊರಬರುವುದು ತಲೆ ಮಾತ್ರ; ಕಣ್ಣುಗಳು ನೆತ್ತಿಯ ಸಮೀಪದಲ್ಲೇ ಇರುವುದರಿಂದ ಮೈಯನ್ನು ತೋರಿಸದೆಯೇ ಅದು ಸುತ್ತ ನೋಡಬಲ್ಲದು. ಆಮೇಲೆ ಹಿಂಗಾಲುಗಳನ್ನು ಬಿಲದ ಬಾಯಲ್ಲೇ ಉಳಿಸಿಕೊಂಡು, ಕೈಗೆಟಕುವಷ್ಟು ಹುಲ್ಲನ್ನು ಸರಸರನೆ ಕಿತ್ತು, ಹಿಮ್ಮುಖವಾಗಿ ಒಳಗೆ ಸರಿಯುತ್ತದೆ. ತೋಳಕ್ಕೆ ಸಿಗುವ ಅವಕಾಶ ಅಷ್ಟೇ. ಅದು ಹೊಟ್ಟೆಯನ್ನು ನೆಲಕ್ಕೊತ್ತಿ, ಇಲಿ ತಲೆಯೆತ್ತಿದಾಗಲೆಲ್ಲ ಕದಲದೆ ನಿಂತು, ಕೊನೆಯ ಕೆಲವು ಮಾರುಗಳನ್ನು ಮಾತ್ರ ಓಡಿ ಮೇಲೆರಗುತ್ತದೆ. ನಸುಕಿನಲ್ಲಿ ಒಟ್ಟಾಗಿ ಸರಹದ್ದು ಸುತ್ತುವ ಗುಂಪಿನ ತೋಳಗಳು ಹಗಲಿನ ಬೇಟೆಗೆ ಒಂಟಿಯಾಗಿ ಹೋಗುವುದಕ್ಕೂ ಇದೇ ಕಾರಣ: ಒಂದು ಇಲಿಯನ್ನು ಹಿಡಿಯಲು ಗುಂಪಿನ ನೆರವು ಬೇಕಿಲ್ಲ, ಹಂಚಿ ತಿನ್ನಲು ಅದು ಸಾಲುವುದೂ ಇಲ್ಲ.

ಹಾಗಾಗಿ ದುರ್ಬೀನು ಹಿಡಿದವರು ತೋಳವನ್ನು ಹುಡುಕುವುದಕ್ಕಿಂತ, ಹೊಸ ಮಣ್ಣು ಬಿದ್ದಿರುವ ಬಿಲಗಳನ್ನು ಹುಡುಕಿ ಅಲ್ಲಿ ಕಾಯುವುದು ಲೇಸು. ಬಿಲಗಳ ಮೇಲೆ ನಡೆದಾಡಿದರೆ ನೆಲದ ಅದುರುವಿಕೆಗೇ ಇಲಿಗಳು ಒಳಗಡಗುತ್ತವೆ. ಫೋಟೋದ ಆತುರದಲ್ಲಿ ಜೀಪಿನಿಂದ ಇಳಿದು ಓಡುವವರು ತಮ್ಮ ನೋಟವನ್ನಷ್ಟೇ ಅಲ್ಲ, ತೋಳದ ಊಟವನ್ನೂ ಕೆಡಿಸುತ್ತಾರೆ.

ಎತ್ತರದ ವಿಷಯದಲ್ಲಿ ನಮ್ಮವರ ಧೈರ್ಯ ನನಗೆ ಹಿಡಿಸದು. ಸನೆಟ್ಟಿ ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟು ಎತ್ತರದಲ್ಲಿದೆ. ರಸ್ತೆ ಇದೆಯೆಂದು ಒಂದೇ ಏಟಿಗೆ ಹತ್ತಬಾರದು. ಸುಮಾರು 3,000 ಮೀಟರ್ ಎತ್ತರದ ದಿನ್ಶೋ ಊರಿನಲ್ಲಿ ಒಂದೆರಡು ರಾತ್ರಿ ತಂಗಿ, ಅಲ್ಲಿನ ಕಾಡಿನಂಚಿನಲ್ಲಿ ಮೇಯುವ ಮೌಂಟನ್ ನ್ಯಾಲಾ ಎಂಬ ದೊಡ್ಡ ಹುಲ್ಲೆಗಳನ್ನು ನೋಡುತ್ತ ಮೈಯನ್ನು ಒಗ್ಗಿಸಿಕೊಳ್ಳಬೇಕು. ತಲೆನೋವಿನ ಜೊತೆ ವಾಂತಿ ಶುರುವಾದರೆ ಕೆಳಗಿಳಿಯಬೇಕು, ಅದರಲ್ಲಿ ಚರ್ಚೆಯಿಲ್ಲ.

ಜಗತ್ತಿನಲ್ಲಿ ಉಳಿದಿರುವ ಬೆಳೆದ ಇಥಿಯೋಪಿಯನ್ ತೋಳಗಳು 500ಕ್ಕಿಂತ ಕಡಿಮೆ; ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಬಾಲೆಯಲ್ಲೇ. ಅವಕ್ಕೆ ದೊಡ್ಡ ಅಪಾಯ ಬರುವುದು ದನಗಾಹಿಗಳ ನಾಯಿಗಳಿಂದ ಹರಡುವ ರೇಬೀಸ್‌ನಿಂದ. 2003ರಲ್ಲಿ ಬಾಲೆಯದೇ ಆದ ವೆಬ್ ಕಣಿವೆಗೆ ಆ ರೋಗ ಹೊಕ್ಕಾಗ ಹತ್ತಾರು ತೋಳಗಳು ಸತ್ತು, ಉಳಿದವುಗಳನ್ನು ಹಿಡಿದು ಲಸಿಕೆ ಚುಚ್ಚಬೇಕಾಯಿತು. ಸೇರಿ ಬಾಳುವ ಪ್ರಾಣಿಗಳಾದ್ದರಿಂದ ಒಂದಕ್ಕೆ ತಗುಲಿದ ಸೋಂಕು ಇಡೀ ಗುಂಪಿಗೆ ದಾಟುತ್ತದೆ. ಶಿಬಿರದಲ್ಲಿ ಬಾಲ ಅಲ್ಲಾಡಿಸುತ್ತ ಬರುವ ನಾಯಿಗೆ ಬ್ರೆಡ್ಡು ಹಾಕಬೇಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿಯೇ. ಉಳಿದ ಅನ್ನ, ಮೂಳೆಗಳನ್ನು ಚೀಲಕ್ಕೆ ಕಟ್ಟಿ ಕೆಳಗಿನ ಪಟ್ಟಣಕ್ಕೆ ಒಯ್ಯಿರಿ. ತಿನ್ನಲು ಸಿಗದ ಜಾಗದಲ್ಲಿ ನಾಯಿ ಹೆಚ್ಚು ಹೊತ್ತು ಸುಳಿದಾಡುವುದಿಲ್ಲ.